ಖಾಲಿ ಡಬ್ಬಿ ವಾಪಸ್ ಕೊಡಬಾರದು

ಪಾರ್ಟಿ ಊಟದ ರುಚಿ ನನಗೆ ಗೊತ್ತಾದದ್ದು ಯಾವ ಪಾರ್ಟಿಗೂ ಹೋಗದೆಯೇ. ಅಮ್ಮ ಜಯನಗರದ ಮೂರ್ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿ ಸೀಮಂತ, ಹುಟ್ಟುಹಬ್ಬ, ಪೂಜೆ ಏನಾದರೂ ನಡೆದರೆ ಮರುದಿನ ಯಡಿಯೂರಿನ ನಮ್ಮ ಒಂದು ಕೋಣೆಯ ಮನೆಗೆ ಡಬ್ಬಿ ಬರುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಯಾರ ಮನೆಯದೆಂದು ಹೇಳುತ್ತಿದ್ದೆ. ನಿಂಬೆಹಣ್ಣಿನ ಅನ್ನ, ಕಾಯಿ ಅನ್ನ, ಮೊಸರನ್ನ ಬೇರೆ ಬೇರೆ ಪೊಟ್ಟಣದಲ್ಲಿದ್ದರೆ ತಮಿಳರ ಮನೆಯ ಸೀಮಂತ. ಕಚೋರಿಯೂ ಅಂಚು ಮುರಿದ ಜಿಲೇಬಿಯೂ ಇದ್ದರೆ ಮಾರ್ವಾಡಿಗಳದು. ಕೇಕಾದರೆ ಅದರ ಮೇಲೆ ಯಾರದೋ ಹೆಸರಿನ ಒಂದೆರಡು ಅಕ್ಷರ ಮಾತ್ರ ಉಳಿದಿರುತ್ತಿತ್ತು.

ಅಮ್ಮ ಆ ಡಬ್ಬಿಗಳನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ವಾಪಸ್ ಕೊಡುತ್ತಿದ್ದಳು. ಅವಳಿಗೆ ಅದು ಕಷ್ಟದ ಕೆಲಸ. ನಮ್ಮಲ್ಲಿ ಊಟ ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಒಂದು ಯುಗಾದಿಗೆ ಧೈರ್ಯ ಮಾಡಿ ಒಬ್ಬಟ್ಟು ಹಾಕಿಕೊಂಡು ಹೋದಳು. ನಾನೂ ಜೊತೆಗಿದ್ದೆ.

“ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದೆ? ಮಕ್ಕಳಿಗೆ ಕೊಡು, ತಿನ್ಕೊಳ್ಳಿ,” ಎಂದು ಆ ಮನೆಯಾಕೆ ಒಬ್ಬಟ್ಟನ್ನು ನಮ್ಮ ಚೀಲಕ್ಕೇ ಹಾಕಿ, ಡಬ್ಬಿ ಮಾತ್ರ ಒಳಗೆ ಒಯ್ದರು. ಮಾತಿನಲ್ಲಿ ಕೋಪವೇನೂ ಇರಲಿಲ್ಲ. ದಾರಿಯಲ್ಲಿ ಅಮ್ಮ, “ಅವ್ರು ಕೊಟ್ರೆ ತಿನ್ನಕ್ಕೆ ನಾವಿದೀವಿ. ನಾವು ಕೊಟ್ರೆ ತಿನ್ನಕ್ಕೆ ಯಾರಿದಾರೆ?” ಎಂದಳು. ಮತ್ತೆ ಯಾವತ್ತೂ ಒಯ್ಯಲಿಲ್ಲ.

ಸಿದ್ದಾಪುರದಲ್ಲಿ ಅಮ್ಮನಿಗೆ ಪರಿಚಯವಿದ್ದ ಒಂದು ಮುಸ್ಲಿಂ ಮನೆ ಮಾತ್ರ ಬೇರೆ ಥರ. ರಂಜಾನ್ ಹಬ್ಬದ ದಿನ ಅವರು ಊಟಕ್ಕೆ ಕೂರುವ ಮುಂಚೆಯೇ ಬಿಸಿ ಬಿರಿಯಾನಿ ಕಳಿಸುತ್ತಿದ್ದರು. ಅವರ ಡಬ್ಬಿ ನಮ್ಮ ಹಬ್ಬ ಬರುವ ತನಕ ನಮ್ಮಲ್ಲೇ ಇದ್ದು, ತುಂಬಿಕೊಂಡೇ ಹೋಗುತ್ತಿತ್ತು. “ಅದು ಹಂಚಿದ್ದು ಕಣೆ, ಉಳಿದಿದ್ದಲ್ಲ,” ಎನ್ನುತ್ತಿದ್ದಳು ಅಮ್ಮ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಪುಕ್ಕಟೆ ಸಿಕ್ಕಿದ್ದಲ್ಲ. ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದ ಮೇಲೆ ಪಾರ್ಟಿಗಳಿಗೆ ನಾನೇ ಅತಿಥಿಯಾಗಿ, ಮುಂಬಾಗಿಲಿನಿಂದಲೇ ಹೋಗತೊಡಗಿದೆ. ದೆಹಲಿಯ ಸಹೋದ್ಯೋಗಿಯ ಮನೆಯಲ್ಲಿ ಕುರುಕಲು ತಿಂಡಿ ತಿನ್ನಿಸಿ ತಿನ್ನಿಸಿ, ಹೊಟ್ಟೆ ತುಂಬಿದ ಮೇಲೆ ಊಟಕ್ಕೆ ಕರೆಯುತ್ತಾರೆ. ಬಂಗಾಳಿ ಗೆಳತಿಯ ಮನೆಯಲ್ಲಿ ಮೊದಲು ಕಹಿ, ಕೊನೆಗೆ ಸಿಹಿ. ನಡುವೆ ಅವಸರ ಮಾಡುವಂತಿಲ್ಲ. ಈಚೆಗೆ ಎಲ್ಲರೂ ಒಪ್ಪಿಕೊಂಡಿದ್ದು ಪಾಟ್‌ಲಕ್. ಕರೆದವರಿಗೆ ಹೊರೆಯಾಗದಂತೆ ಬಂದವರೇ ಒಂದೊಂದು ಅಡುಗೆ ತರುವುದು.

ಚಿಕ್ಕಲಸಂದ್ರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಾಗ ಮೂವರನ್ನು ಕರೆದೆ: ಆ ದೆಹಲಿಯವನು, ಬಂಗಾಳಿ ಗೆಳತಿ, ಆಫೀಸಿನಲ್ಲೇ ಇದ್ದ ಮಂಡ್ಯದ ಹುಡುಗ. “ಪಾಟ್‌ಲಕ್ ತಾನೆ?” ಎಂದರು. ಹೂಂ ಎಂದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

“ನಮ್ಮನೆಗೆ ಬರೋರು ಊಟ ಹೊತ್ಕೊಂಡ್ ಬರ್ತಾರಾ?”

“ಈಗೆಲ್ಲ ಹಂಗೇ ಅಮ್ಮ.”

“ಒಂದ್ಸಲನಾದ್ರೂ ನಮ್ಮನೇಲಿ ಜನ ಕೂರಿಸಿ ಕೈತುಂಬ ಬಡಿಸ್ಬೇಕು ಅಂತಿದ್ದೆ. ಇಲ್ಲಿಗೂ ಡಬ್ಬೀನೇ ಬರ್ಬೇಕಾ?”

ಭಾನುವಾರ ಬೆಳಿಗ್ಗೆಯಿಂದಲೇ ಅವಳು ಅಡುಗೆಗೆ ನಿಂತಳು. ಮುದ್ದೆ, ಅವರೆಕಾಳು ಸಾರು, ಪಲ್ಯ, ಅನ್ನ, ಒಬ್ಬಟ್ಟು. ದೆಹಲಿಯವನು ರಾಜ್ಮಾ ತಂದ. ಮಂಡ್ಯದ ಹುಡುಗ ಬಿಸಿಬೇಳೆಬಾತ್ ತಂದ. ಬಂಗಾಳಿ ಗೆಳತಿ ಸಾಸಿವೆ ಅರೆದು ಮಾಡಿದ ಮೀನು ತಂದಳು. ಅಮ್ಮ ಮೂರು ಡಬ್ಬಿಗಳನ್ನೂ ಎರಡೂ ಕೈಯಲ್ಲಿ ಇಸಿದುಕೊಂಡಳು, ತೆರೆಯದೆ ಮೇಲಿನ ಶೆಲ್ಫಿನಲ್ಲಿಟ್ಟಳು. ಬಡಿಸಿದ್ದು ತನ್ನ ಅಡುಗೆಯನ್ನು ಮಾತ್ರ.

“ಅಗೀಬೇಡ ಗುರು, ನುಂಗು,” ಎಂದು ಮಂಡ್ಯದವನು ದೆಹಲಿಯವನಿಗೆ ಮುದ್ದೆ ಪಾಠ ಹೇಳುತ್ತಿದ್ದ.

“ನುಂಗಿದ್ರೆ ಟೇಸ್ಟ್ ಹೆಂಗ್ ಗೊತ್ತಾಗತ್ತೆ?”

“ಅದಕ್ಕೇ ಸಾರು ಇರೋದು ಮಗಾ.”

ನಗು ನಡೆದಿತ್ತು. ಬಂಗಾಳಿ ಗೆಳತಿ ಮಾತ್ರ ಆಗಾಗ ಶೆಲ್ಫಿನ ಕಡೆ ನೋಡುತ್ತಿದ್ದಳು. ತಂದ ಅಡುಗೆಯನ್ನು ಎಲ್ಲರ ಮುಂದೆ ಇಡದಿದ್ದರೆ ಅವಳ ಕಡೆ ಅದು ಬಡಿಸಲು ಲಾಯಕ್ಕಿಲ್ಲ ಎಂದು ಅರ್ಥ. ಕೊನೆಗೆ ಕೇಳಿಯೇಬಿಟ್ಟಳು.

“ಆಂಟಿ, ನನ್ನ ಮೀನು ಚೆನ್ನಾಗಿಲ್ವಾ?”

“ಹಂಗಲ್ಲಮ್ಮ,” ಎಂದ ಅಮ್ಮ, “ನೆನ್ನೆ ನಿಮ್ಮನೇಲಿ ಏನಾದ್ರೂ ಫಂಕ್ಷನ್ ಇತ್ತಾ?” ಎಂದಳು.

“ಇಲ್ಲ ಆಂಟಿ. ಬೆಳಿಗ್ಗೆ ಮಾರ್ಕೆಟ್ ಹೋಗಿ ತಂದೆ. ನಿಮಗೆ ಅಂತಾನೇ ಮಾಡಿದ್ದು. ನಾನೇ ಇನ್ನೂ ತಿಂದಿಲ್ಲ.”

ಆ ಪ್ರಶ್ನೆ ಎಲ್ಲಿಂದ ಬಂತೆಂದು ಅಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಅಮ್ಮ ಸಾರಿನ ಸೌಟು ಕೆಳಗಿಟ್ಟು ಡಬ್ಬಿಗಳನ್ನು ಇಳಿಸಿದಳು. ಮೀನಿನ ಮುಚ್ಚಳ ತೆಗೆದವಳೇ ಮುಖ ಹಿಂದಕ್ಕೆ ಎಳೆದುಕೊಂಡಳು. “ಅಬ್ಬಾ, ಸಾಸಿವೆ ಮೂಗಿಗೇ ಹೊಡಿಯತ್ತಲ್ಲೇ!” ಬಂಗಾಳಿ ಗೆಳತಿ ಅವತ್ತು ಮೊದಲ ಸಲ ಜೋರಾಗಿ ನಕ್ಕಳು. ಅಮ್ಮ ಎಲ್ಲರಿಗೂ ಎಲ್ಲವನ್ನೂ ಬಡಿಸಿ, ತನಗೆಂದು ಮೀನಿನ ಒಂದು ತುಂಡನ್ನು ಪಕ್ಕಕ್ಕಿಟ್ಟುಕೊಂಡಳು. ಬಂದವರು ಊಟ ಮುಗಿಸಿ ಎದ್ದ ಮೇಲೆ ಅದನ್ನು ಮುದ್ದೆಯ ಜೊತೆ ತಿಂದಳು.

ಆಮೇಲೆ ಡಬ್ಬಿಗಳನ್ನು ತೊಳೆದಳು. ಒರೆಸಿದಳು. ಒಂದೊಂದಕ್ಕೂ ಒಬ್ಬಟ್ಟು ಹಾಕಿದಳು.

“ಅರೆ, ಬೇಡ ಆಂಟಿ, ಇದೆಲ್ಲ ಯಾಕೆ? ಹೊಟ್ಟೆ ಫುಲ್,” ಎಂದ ದೆಹಲಿಯವನು. ಉಪಚಾರದ ಮಾತು. ಅವನ ಕಡೆ ಮೊದಲು ಬೇಡ ಎನ್ನುವುದೇ ಮರ್ಯಾದೆ. ಆದರೆ ಅಮ್ಮನ ಕೈ ಅಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು.

“ತಗೊಳೋ ಸುಮ್ನೆ,” ಎಂದು ಮಂಡ್ಯದವನು ಅವನ ಬೆನ್ನಿಗೆ ಗುದ್ದಿದ. ಅಷ್ಟರಲ್ಲಿ ಬಂಗಾಳಿ ಗೆಳತಿ ತನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಲ್ಲೇ ಮುಚ್ಚಳ ತೆಗೆದು ನೋಡಿದಳು.

“ಆಂಟಿ, ಇಷ್ಟೇನಾ? ರೂಮ್‌ಮೇಟ್ ಜಗಳ ಮಾಡ್ತಾಳೆ. ಇನ್ನೊಂದೆರಡು ಹಾಕಿ.”

ಅಮ್ಮ ಒಳಗೆ ಹೋಗಿ ಒಬ್ಬಟ್ಟಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಅದನ್ನು ನೋಡಿ ದೆಹಲಿಯವನೂ ಡಬ್ಬಿ ಮುಂದೆ ಹಿಡಿದ. ಅವರೆಲ್ಲ ಮೆಟ್ಟಿಲಿಳಿದು ಹೋದ ಮೇಲೆ ಸಂಜೆ ಕಾಫಿಯ ಜೊತೆ ತಿನ್ನೋಣವೆಂದು ಪಾತ್ರೆ ನೋಡಿದೆ. ಒಂದೂ ಉಳಿದಿರಲಿಲ್ಲ.