ಕತ್ತರಿ ಅಕ್ಕ ಮತ್ತು ಟೀವಿಯ ನಾಲ್ವರು ಸೋದರಿಯರು

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಆ ಹೆಸರು ಅವಳ ಕೈಗಿಂತ ನಾಲಿಗೆಗೇ ಹೆಚ್ಚು ಒಪ್ಪುತ್ತಿತ್ತು.

ಸಂಜೆಯ ಧಾರಾವಾಹಿಯೊಂದರ ಮೇಲೆ ಅವಳಿಗೆ ಪ್ರಾಣ. ಅದರಲ್ಲಿ ನಾಲ್ವರು ಅಕ್ಕತಂಗಿಯರು. ದೊಡ್ಡವಳು ಮನೆಯ ಭಾರವನ್ನೆಲ್ಲ ಹೊತ್ತು ನಿಟ್ಟುಸಿರು ಬಿಡುತ್ತಾಳೆ. ಎರಡನೆಯವಳದು ಮುಖಕ್ಕೆ ಹೊಡೆದಂಥ ಮಾತು. ಮೂರನೆಯವಳು ಬಾಗಿಲು ಕಿರ್ರೆಂದರೂ ಅಳುತ್ತಾಳೆ. ಕೊನೆಯವಳು ಏನೂ ಅರಿಯದವಳಂತೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡೇ ತನ್ನ ಬೇಳೆ ಬೇಯಿಸಿಕೊಳ್ಳುತ್ತಾಳೆ. ಜಗತ್ತಿನ ಹೆಂಗಸರೆಲ್ಲ ಈ ನಾಲ್ವರಲ್ಲಿ ಒಬ್ಬರು ಎಂಬುದು ಕತ್ತರಿ ಅಕ್ಕನ ಸಿದ್ಧಾಂತ. ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲಿ ತೀರ್ಪು ಬಂದಿರುತ್ತಿತ್ತು.

"ನೀವು ಪಕ್ಕಾ ಮೂರನೆಯವರು ಮೇಡಂ. ಗಿಡ್ಡ ಮಾಡಿಸ್ಬೇಡಿ, ಆಮೇಲೆ ಅಳ್ತೀರ."

ಕೊನೆಯವಳು ಎನ್ನಿಸಿಕೊಂಡ ಹೆಡ್‌ಮಿಸ್ ಒಬ್ಬರು ಒದ್ದೆ ತಲೆಯಲ್ಲೇ ಎದ್ದು ಹೋಗಿದ್ದರು.

"ಮತ್ತೆ ನೀವು?" ಎಂದು ಯಾರಾದರೂ ಕೇಳಿದರೆ ಅವಳು ಕತ್ತರಿಯನ್ನು ಚಕಚಕನೆ ಆಡಿಸುತ್ತಿದ್ದಳು. "ಎರಡನೆಯವಳು. ಅದನ್ನೂ ಹೇಳ್ಬೇಕಾ?"

ಅಂಗಡಿಯ ಮೇಲಿನ ಮನೆಯಲ್ಲಿ ಅವಳೂ ಅವಳ ಸ್ವಂತ ಅಕ್ಕನೂ ಇದ್ದರು. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಮ್ಮ ಹೋದಾಗಿನಿಂದ ಅಡುಗೆ, ಗುಡಿಸುವುದು, ತಂಗಿಯ ತಲೆನೋವು ಎಲ್ಲವೂ ಅವಳ ಪಾಲು. ಉಪ್ಪಿನ ಡಬ್ಬ ಯಾವುದೆಂದು ತಂಗಿಗೆ ಗೊತ್ತಿರಲಿಲ್ಲ. "ನಮ್ಮಕ್ಕ ದೊಡ್ಡವಳದೇ ಅಚ್ಚು" ಎಂದು ಗಿರಾಕಿಗಳೆದುರು ಹೆಮ್ಮೆಪಡುವುದು ಮಾತ್ರ ಗೊತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತಳು. "ಕಿವಿವರೆಗೂ ಕತ್ತರಿಸು."

ಸೆಕೆಗೆ ಇರಬೇಕೆಂದುಕೊಂಡು ತಂಗಿ ಎಡಗಡೆಯದನ್ನು ಕತ್ತರಿಸಿದಳು.

"ಮದುವೆ ಆಗ್ತಿದೀನಿ ಕಣೆ, ಗಡಿಯಾರ ರಿಪೇರಿಯವರನ್ನ."

ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಪತ್ರಿಕೆ ಮಡಿಚಿಟ್ಟರು.

"ದೊಡ್ಡವಳು ಹಾಗೆ ಮಾಡಲ್ಲ!" ಎಂದಳು ಕತ್ತರಿ ಅಕ್ಕ. "ಟೀವೀಲಿ ಡಾಕ್ಟ್ರೇ ಬಂದು ಕೇಳಿದ್ರೂ ತಂಗಿಯರಿಗೋಸ್ಕರ ಬೇಡ ಅಂದ್ಲು!"

"ಅವಳಿಗೆ ಅದಕ್ಕೆ ಸಂಬಳ ಕೊಡ್ತಾರೆ. ನೀನೇನು ಕೊಟ್ಟೆ?" ಅಕ್ಕನ ದನಿ ಏರಲಿಲ್ಲ. "ಮೊದಲು ಹುಟ್ಟಿದ್ದು ನನ್ನ ಸರದಿ ಕಣೆ, ಸ್ವಭಾವ ಅಲ್ಲ."

ಕತ್ತರಿ ಅಕ್ಕ ಸ್ಟೂಲಿನ ಮೇಲೆ ಕುಸಿದು ಗೊಳೋ ಎಂದಳು. "ನನಗ್ಯಾರು ಗತಿ ಅಕ್ಕಾ?"

"ಇವ್ರು ಎರಡನೆಯವರು ಅಂದಿದ್ರಲ್ಲ?" ಎಂದು ಗಿರಾಕಿಯೊಬ್ಬಳು ಪಿಸುಗುಟ್ಟಿದಳು.

"ಎಲ್ಲಿಯ ಎರಡು? ಮೂರು, ಶುದ್ಧ ಮೂರು" ಎಂದಳು ಇನ್ನೊಬ್ಬಳು.

ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಸೊಂಟದವರೆಗೆ ಕೂದಲಿಟ್ಟುಕೊಂಡು ಅಕ್ಕ ಸಮಾಧಾನವಾಗಿ ಕೂತಿದ್ದಳು. "ಅತ್ತಾದ ಮೇಲೆ ಈ ಕಡೆದೂ ಕತ್ತರಿಸು. ಹೀಗೇ ಹೋದ್ರೆ ಪಾಪ, ಅವರು ಹೆದರ್ಕೋತಾರೆ."

ಕತ್ತರಿಸಿದಳು. ಕಣ್ಣೀರಿಗೋ ಸಿಟ್ಟಿಗೋ ಸೊಟ್ಟಗಾಯಿತು. ಅಕ್ಕ ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿ, ಚೆನ್ನಾಗಿದೆ ಎಂದಳು.

ರಿಜಿಸ್ಟ್ರಾರ್ ಕಚೇರಿಯಲ್ಲಿ ತಂಗಿ ಮುಖ ಊದಿಸಿಕೊಂಡೇ ಸಾಕ್ಷಿ ಸಹಿ ಹಾಕಿದಳು. ಆಮೇಲೆ ಮನೆಯಲ್ಲಿ ಅಡುಗೆ ಸೀದು, ಪಾತ್ರೆಯ ತಳ ಕರಕಲಾಗಿ, ಕೊನೆಗೆ ಹಟವೂ ಸುಸ್ತಾಗಿ, ಸಂಜೆಯಾದರೆ ಅಕ್ಕನ ಹೊಸ ಮನೆಯ ಬಾಗಿಲು ತಟ್ಟತೊಡಗಿದಳು. ಊಟದ ಹೊತ್ತಿಗೆ ಸರಿಯಾಗಿ ಅದೇ ಧಾರಾವಾಹಿ.

ಗಡಿಯಾರದ ಭಾವನಿಗೆ ಯಾರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಇನ್ನೂ ತಿಳಿದಿರಲಿಲ್ಲ. "ಆ ಎರಡನೆಯವಳದು ಬರೀ ಬಾಯಿ" ಎಂದುಬಿಟ್ಟ. "ಮನೆ ನಡೀತಿರೋದು ಕೊನೆಯವಳಿಂದ."

"ಭಾವ, ನಿಮಗೆ ಗಡಿಯಾರದ ಮುಳ್ಳು ಕಾಣುತ್ತೆ, ಮನುಷ್ಯರು ಕಾಣಲ್ಲ!"

ಅಕ್ಕ ಟೀವಿ ಆರಿಸಿದಳು. "ಇಬ್ಬರೂ ಎದ್ದು ಪಾತ್ರೆ ತೊಳೀರಿ" ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಗಾಳಿಗೆ ಹೊರಟಳು. ಒಬ್ಬರು ಉಜ್ಜುತ್ತಾ ಒಬ್ಬರು ಒರೆಸುತ್ತಾ ನಡೆಸಿದ ಜಗಳ ಅವಳಿಗೆ ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.