ಉಪವಾಸದ ಕೌದಿ

ದೇವರಿದ್ದಾನೆ ಎಂದು ನಂಬಿದವಳು ನಾನು. ಬನಶಂಕರಿ ತಾಯಿಗೆ ದೀಪ ಹಚ್ಚದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಆದರೆ ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗಿ ಪಾತ್ರೆ ತಿಕ್ಕುತ್ತಿದ್ದೆ. ತಾಯಿ ಇರುವ ಮನೆಯಲ್ಲಿ ಇವಕ್ಕೇನು ಕೆಲಸ ಅನ್ನುವುದು ನನ್ನ ಲೆಕ್ಕ. ಆ ನಂಬಿಕೆ ಈಗಲೂ ಹೋಗಿಲ್ಲ. ಆದರೆ ಯಾರಾದರೂ ಅಂಥ ಮಾತು ತೆಗೆದರೆ ಈಗ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ. ಇಂಥವೆಲ್ಲ ರಾತ್ರಿ ಆಗುತ್ತವೆ ಅಂತಾರೆ. ನನಗೆ ಆದದ್ದು ಮಟಮಟ ಮಧ್ಯಾಹ್ನ, ಯುಗಾದಿಯ ಮರುದಿನ, ಗಜೇಂದ್ರಗಡದ ನಮ್ಮ ಸ್ವಂತ ಮನೆಯಲ್ಲಿ.

ನಮ್ಮ ಯಜಮಾನರು ಸೀರೆ ನೇಯುತ್ತಾರೆ. ಪಡಸಾಲೆಯಲ್ಲಿ ಎರಡು ಮಗ್ಗ ಇವೆ. ಹಿಂದಿನ ಕೋಣೆಯಲ್ಲಿ ಮಾವನವರ ಮಗ್ಗ ಇತ್ತು. ಅವರು ಹೋದ ಮೇಲೆ ಅದನ್ನು ಬಿಚ್ಚಿದೆವು, ಕೋಣೆ ಖಾಲಿ ಬಿತ್ತು. ಮನೆ ಅತ್ತೆಯವರ ಹೆಸರಿನಲ್ಲಿದೆ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನಡೆದದ್ದು ಆ ಕೋಣೆಯ ಸಲುವಾಗಿ.

ವೀಣಾ ನಮ್ಮವರ ಅಣ್ಣನ ಮಗಳು, ನನ್ನನ್ನು ಕಾಕು ಅನ್ನುತ್ತಾಳೆ. ಅವಳ ಅಪ್ಪ ರಸ್ತೆ ಕಟ್ಟುವ ಒಂದು ಕಂಪನಿಯಲ್ಲಿ ಅಳತೆಯ ಕೆಲಸ ಮಾಡುತ್ತಿದ್ದರು. ಒಂದು ರಸ್ತೆ ಮುಗಿದರೆ ಇನ್ನೊಂದು ದೇಶ. ಹುಡುಗಿ ಮಸ್ಕತ್ತಿನಲ್ಲಿ ನಡೆಯಲು ಕಲಿತಳು, ನೈರೋಬಿಯಲ್ಲಿ ಓದಲು ಕಲಿತಳು, ಜಕಾರ್ತಾದಲ್ಲಿ ದೊಡ್ಡವಳಾದಳು. ಅಪ್ಪ ಅವ್ವ ತೀರಿದ ಮೇಲೂ ಆಕೆಯ ಕಾಲು ನಿಲ್ಲಲಿಲ್ಲ. ಒಂದು ವರ್ಷ ಬರ್ಲಿನ್ ಅಂದಳು, ಇನ್ನೊಂದು ವರ್ಷ ಲಿಸ್ಬನ್ ಅಂದಳು. ಬಟ್ಟೆಯ ತುಂಡು ಕೂಡಿಸಿ ಚಿತ್ರ ಹೊಲಿಯುವುದು ಆಕೆಯ ಕೆಲಸ. ದೊಡ್ಡ ಊರುಗಳಲ್ಲಿ ಅವನ್ನು ಗೋಡೆಗೆ ತೂಗಿಹಾಕುತ್ತಾರಂತೆ, ಜನ ಬಂದು ನೋಡುತ್ತಾರಂತೆ. ಬಟ್ಟೆಯೇ ಯಾಕೆ ಅಂತ ಒಮ್ಮೆ ಕೇಳಿದೆ.

“ಮಣ್ಣು ಒಡೀತೈತಿ, ಕಟಗಿ ಭಾರ. ಅರಿವಿ ಮಡಚಿದ್ರ ಪೆಟಗ್ಯಾಗ ಕೂಡ್ತೈತಿ ಕಾಕು. ನನ್ನ ಕಲಾ ಅಂದ್ರ ಅಷ್ಟ, ಪೆಟಗಿ ಮುಚ್ಚಬೇಕು,” ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನೊಂದು ಮಾತನ್ನೂ ಆಕೆಯೇ ಹೇಳಿದ್ದು. ನೈರೋಬಿಯಲ್ಲಿ ಮನೆಗೆಲಸದ ಹೆಂಗಸು ಆಕೆಗೆ ಗೊಂಬೆ ಹೊಲಿಯಲು ಕಲಿಸಿದ್ದಳು. ಒಳಗೆ ಹತ್ತಿಯ ಬದಲು ಅಲ್ಲಿಯ ಸಣ್ಣ ಕೆಂಪು ಕಾಳು ತುಂಬಿದ ಗೊಂಬೆ. ಆ ದೇಶ ಬಿಡುವಾಗ ಅದನ್ನು ಎದೆಗವಚಿಕೊಂಡು ವಿಮಾನ ಹತ್ತಿದ್ದಳು. ಇಳಿದ ಕಡೆ ಒಬ್ಬ ಅಧಿಕಾರಿ, ಬೀಜ ತರುವ ಹಾಗಿಲ್ಲ ಅಂತ ಕತ್ತರಿಯಿಂದ ಗೊಂಬೆಯ ಹೊಟ್ಟೆ ಸೀಳಿ, ಕಾಳನ್ನೆಲ್ಲ ಕಸದ ಡಬ್ಬಿಗೆ ಸುರಿದು, ಬರೀ ಬಟ್ಟೆಯನ್ನು ಕೈಗೆ ಕೊಟ್ಟನಂತೆ. “ತಪ್ಪು ಅವಂದೇನಿಲ್ಲ, ಕಾಯದೆ ಹಂಗೈತಿ,” ಅಂದಳು. ಆವತ್ತಿನಿಂದ ತಾನು ಹೊಲಿದ ಯಾವುದರಲ್ಲೂ ಒಂದು ಕಾಳು, ಒಂದು ಎಲೆ ಇಟ್ಟವಳಲ್ಲ.

ಅಂಥವಳು ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದೇ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ತಲೆಯಲ್ಲಿ ನರೆ ಬಂದಿತ್ತು. ಹಿಂದಿನ ಕೋಣೆ ಕೊಡಿರಿ, ಇನ್ನು ಇಲ್ಲೇ ಇದ್ದುಬಿಡುತ್ತೇನೆ ಅಂದಳು. ಭೂಮಿಯ ಮೇಲೆ ಎಲ್ಲೂ ಆಕೆಗೆ ಒಂದು ಸ್ವಂತ ಬಾಗಿಲು ಇರಲಿಲ್ಲ. ನಮ್ಮವರು ಹೂಂ ಅಂದರು. ನಾನೂ ಹೂಂ ಅಂದೆ. ಅತ್ತೆ ಮಾತ್ರ ಎಲೆ ಅಡಿಕೆ ಜಗಿಯುತ್ತ, “ಬಸ್‌ಸ್ಟ್ಯಾಂಡಿನಾಗ ಬೆಳದಾಕಿ. ಕೋಣಿ ಕೊಟ್ರ ಕೋಣೀನೂ ಬಸ್‌ಸ್ಟ್ಯಾಂಡ್ ಮಾಡ್ತಾಳ,” ಅಂದರು. ಸ್ವಂತ ಮೊಮ್ಮಗಳಿಗೆ.

ಓಣಿಯವರೂ ಕಡಿಮೆ ಇರಲಿಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತವರು, “ಏನವಾ ವೀಣಕ್ಕಾ, ವಿಮಾನ ಇವತ್ತೋ ನಾಳಿಗೋ?” ಅಂತ ಕೇಳಿ ನಗುತ್ತಿದ್ದರು. ಆಕೆಯ ಕನ್ನಡ ನಮ್ಮ ಮಕ್ಕಳ ಕನ್ನಡಕ್ಕಿಂತ ಹಳೆಯದು, ಅಪ್ಪ ಅವ್ವ ಊರು ಬಿಟ್ಟಾಗಿನದು. ಅದಕ್ಕೂ ನಕ್ಕರು. ಆಕೆ ಪಡಸಾಲೆಯಲ್ಲೇ ಮಲಗುತ್ತಿದ್ದಳು. ಚಳಿಗಾಲ ಪೂರ್ತಿ ಮಗ್ಗದ ಪಕ್ಕ ಕೂತು ಕೌದಿ ಹೊಲಿದಳು. ಅಪ್ಪನ ಮಸ್ಕತ್ತಿನ ಅಂಗಿ, ನೈರೋಬಿ ಶಾಲೆಯ ಲಂಗ, ಜಕಾರ್ತಾದಲ್ಲಿ ಅವ್ವ ಉಟ್ಟ ಸೀರೆ, ಬರ್ಲಿನ್ನಿನ ಕಿಟಕಿಯ ಪರದೆ. ಇದು ಗೋಡೆಗಲ್ಲ, ಆಯಿಗೆ ಅಂದಳು. ಅತ್ತೆಯನ್ನು ಆಕೆ ಆಯಿ ಅನ್ನುತ್ತಿದ್ದಳು. “ಇದು ಎಲ್ಲಿಗೂ ಹೋಗೂದಿಲ್ಲ ಕಾಕು, ಈ ಮನ್ಯಾಗ ಇರ್ತೈತಿ. ನಾನೂ ಇರ್ತೀನಿ.”

ನಮ್ಮ ಕಡೆ ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಮೂಲೆಯಲ್ಲಿ ಒಂದು ಚೂರು ರೊಟ್ಟಿ, ನಾಲ್ಕು ಕಾಳು ಜೋಳ ಇಟ್ಟು ಹೊಲಿಯುತ್ತಾರೆ. ಕೌದಿ ಉಪವಾಸ ಇರಬಾರದು ಅಂತ. ನನ್ನ ತವರೂರು ಯಾವಗಲ್‌ನಲ್ಲೂ ಹಾಗೇ, ಅತ್ತೆಯ ತವರೂರು ಲಕ್ಕಲಕಟ್ಟಿಯಲ್ಲೂ ಹಾಗೇ. ನಾನು ತಟ್ಟೆಯಲ್ಲಿ ರೊಟ್ಟಿ, ಜೋಳ ಒಯ್ದು ಕೊಟ್ಟೆ. ವೀಣಾ ನೋಡಿದಳು. ಕೈ ಮುಂದೆ ಬಂತು, ಹಿಂದೆ ಹೋಯಿತು. “ಬ್ಯಾಡ ಕಾಕು. ನಾಳೆ ಎಲ್ಲೆರೆ ಒಯ್ಯೂ ಪ್ರಸಂಗ ಬಂದ್ರ ಹರದು ನೋಡ್ತಾರ,” ಅಂದವಳೇ ಅಂಚು ಮುಚ್ಚಿ ದಾರ ಕಡಿದಳು.

ಅತ್ತೆ ಕಂಬಕ್ಕೊರಗಿ ಎಲ್ಲವನ್ನೂ ನೋಡುತ್ತಿದ್ದರು. “ಇಲ್ಲೇ ಇರೂದಾದ್ರ ಕಾಳಿಗ್ಯಾಕ ಅಂಜಿದಿ?” ಅಂದರು.

ವೀಣಾ ಕೌದಿ ಮಡಚಿ ಅವರ ಮಂಚದ ಹತ್ತಿರ ಒಯ್ದಳು. ಅತ್ತೆ ಆ ಕೌದಿಯನ್ನು ತಮ್ಮ ಮಂಚಕ್ಕೆ ತಾಗಿಸಗೊಡಲಿಲ್ಲ. “ಹಸದ ಅರಿವಿ ಅದು, ನನ್ನ ಹತ್ರ ತರಬ್ಯಾಡ್ರಿ,” ಅಂತ ಕೋಲಿನಿಂದ ನೂಕಿದರು. ಅದನ್ನು ಹಿಂದಿನ ಕೋಣೆಯಲ್ಲಿ ಹಾಸಿಟ್ಟೆವು. ಅಲ್ಲಿಂದ ಮುಂದೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಯುಗಾದಿಯ ದಿನ ನಮ್ಮವರು ತಾವೇ ಆಕೆಗೆ ಕೋಣೆ ಕೊಡಿರಿ ಅಂತ ಗಟ್ಟಿಯಾಗಿ ಕೇಳಿದ್ದಕ್ಕೆ, “ಸುಣ್ಣ ಹಚ್ಚಲಿ, ನೋಡೂಣು,” ಅಂತ ಅತ್ತೆ ಅರ್ಧ ಒಪ್ಪಿದರು. ಅರ್ಧವಾದರೂ ಒಪ್ಪಿದರಲ್ಲ ಅಂತ ನಾನು ತಾಯಿಗೆ ಇನ್ನೊಂದು ದೀಪ ಹಚ್ಚಿದೆ.

ಮರುದಿನ ವೀಣಾ ಸುಣ್ಣ, ನೀಲಿ ಬಣ್ಣ ತರಲು ರೋಣಕ್ಕೆ ಬಸ್ಸು ಹಿಡಿದಳು. ನಮ್ಮವರು ನರಗುಂದಕ್ಕೆ ಮದುವೆಗೆ ಹೋದರು. ಉಳಿದ ಹೋಳಿಗೆಯನ್ನು ತುಪ್ಪ ಹಾಕಿ ನಾನೂ ಅತ್ತೆಯೂ ಉಂಡೆವು. ಇದನ್ನು ಒತ್ತಿ ಹೇಳುತ್ತೇನೆ: ನನ್ನ ಹೊಟ್ಟೆ ತುಂಬಿತ್ತು, ಸೀರೆಯ ನೆರಿಗೆ ಸಡಿಲ ಮಾಡಿಕೊಳ್ಳುವಷ್ಟು ತುಂಬಿತ್ತು. ಕರೆಂಟು ಹೋಯಿತು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಗುಡ್ಡದ ಮೇಲಿನ ಗಾಳಿಯಂತ್ರಗಳು ಸಹ ನಿಂತಿದ್ದವು. ಹಿಂದಿನ ಕೋಣೆ ತಂಪು ಅಂತ ಹೋಗಿ ಆ ಕೌದಿಯ ಮೇಲೆ ಅಡ್ಡಾದೆ. ಯಾವ ವಿಚಾರವೂ ಮನಸ್ಸಿನಲ್ಲಿರಲಿಲ್ಲ.

ಎಚ್ಚರವಾದದ್ದು ಹಸಿವೆಯಿಂದ. ಹಸಿವೆ ನನಗೆ ಹೊಸದಲ್ಲ. ನವರಾತ್ರಿಯಲ್ಲಿ ಒಪ್ಪೊತ್ತು ಮಾಡುತ್ತೇನೆ, ಮಕ್ಕಳು ಸಣ್ಣವರಿದ್ದಾಗ ನೀರು ಕುಡಿದು ಮಲಗಿದ್ದೂ ಇದೆ. ಇದು ಆ ಹಸಿವೆಯಲ್ಲ. ಹೊಟ್ಟೆಯಲ್ಲಿ ಯಾರೋ ಮೊಣಕೈ ಊರಿ ಕೂತ ಹಾಗಿತ್ತು. ಅದರ ಜೊತೆ ಸಿಟ್ಟು. ಯಾರ ಮೇಲೆ ಅಂತ ಕೇಳಬೇಡಿ, ಎಲ್ಲರ ಮೇಲೆ. ಬಾಗಿಲು ಇದ್ದವರೆಲ್ಲರ ಮೇಲೆ. ನನ್ನದೇ ಮನೆಯಲ್ಲಿ ಮಲಗಿ, ಒಳಗೆ ಬಿಡ್ರಿ, ಒಳಗೆ ಬಿಡ್ರಿ ಅಂತ ನನ್ನ ಬಾಯೇ ಅನ್ನುತ್ತಿತ್ತು. ತಾಯಿಯ ಹೆಸರು ನೆನಪಾಗಲಿಲ್ಲ. ದಿನಾ ಕರೆಯುವ ಹೆಸರು. ನಾನು ಇವತ್ತಿಗೂ ಹೆದರುವುದು ಅದಕ್ಕೇ.

ಅಡಿಗೆಮನೆಗೆ ಹೇಗೆ ಹೋದೆನೋ ತಿಳಿಯದು. ಇನ್ನೂ ಮಿಕ್ಕಿದ್ದ ಹೋಳಿಗೆ ತಿಂದೆ, ಒಣರೊಟ್ಟಿ ತಿಂದೆ, ಸಾಲದೆ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಹಸಿ ಹಿಟ್ಟು ಬಾಯಿಗೆ ತುರುಕಿಕೊಂಡೆ. ಕೆಮ್ಮು ಬಂದು ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ.

“ಅದರ ಮ್ಯಾಲಿಂದ ಎದ್ದು ಬಂದಿಯೇನ?” ಅಂದರು. ಬೇರೇನೂ ಕೇಳಲಿಲ್ಲ. ನೀರು ಕುಡಿಸಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನ ತಲೆ ಸವರಿದ್ದು ಅದೊಂದೇ ಸಲ. ಅದನ್ನೂ ನಾನು ತಾಯಿಯ ದಯೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ. ಆಮೇಲೆ ಕತ್ತರಿ ತೆಗೆದುಕೊಂಡು, ಬಾ ಅಂತ ಹಿಂದಿನ ಕೋಣೆಗೆ ನಡೆದರು.

ಮೂಲೆಯ ಹೊಲಿಗೆ ಬಿಚ್ಚಿದೆವು. ಜೋಳ ಇಟ್ಟು ಮುಚ್ಚಿಬಿಡೋಣ ಅನ್ನುವುದಷ್ಟೇ ನಮ್ಮ ಉದ್ದೇಶ. ಅತ್ತೆ ಒಳಗೆ ಕೈ ಹಾಕಿದವರು ಹೊರಗೆ ತೆಗೆದದ್ದು ಒಂದು ಮುಷ್ಟಿ ಹೊಟ್ಟು. ಕಾಳಿಲ್ಲ, ಬರೀ ಸಿಪ್ಪೆ. ತೆಳ್ಳಗಿನ ಕೆಂಪು ಸಿಪ್ಪೆ, ಯಾರೋ ಕೂತು ಒಂದೊಂದನ್ನೇ ತಿಂದು ಉಗುಳಿದ ಹಾಗೆ. ಆ ಕೌದಿಯ ಪ್ರತಿಯೊಂದು ಪದರವನ್ನೂ ಹಾಸುವಾಗ ನಾನು ನೋಡಿದ್ದೇನೆ. ಒಳಗೆ ಏನೂ ಇರಲಿಲ್ಲ. ಇಲಿ ಕಡಿದ ತೂತೂ ಎಲ್ಲೂ ಇರಲಿಲ್ಲ. ಜೋಳವಲ್ಲ, ಸಜ್ಜೆಯಲ್ಲ, ತೊಗರಿಯಲ್ಲ. ಹೊಲದಲ್ಲೇ ಬೆಳೆದವಳು ನಾನು, ಅದು ನಮ್ಮ ನೆಲದ್ದಲ್ಲ.

ಅಷ್ಟರಲ್ಲಿ ವೀಣಾ ಬಂದಳು. ಸುಣ್ಣದ ಚೀಲ, ನೀಲಿ ಬಣ್ಣದ ಡಬ್ಬಿ ಕೈಯಲ್ಲಿದ್ದವು. ಅತ್ತೆಯ ಅಂಗೈ ನೋಡಿದಳು. ಒಂದು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದಳು. ಡಬ್ಬಿ ಕೆಳಗಿಟ್ಟು ನೆಲಕ್ಕೆ ಕೂತಳು.

“ಗೊಂಬ್ಯಾಗ ಇಂಥಾವ ಇದ್ವು ಕಾಕು.”

ಆಕೆಯೇ ಎದ್ದು ಅಡಿಗೆಮನೆಯಿಂದ ಬೊಗಸೆ ತುಂಬ ಜೋಳ ತಂದು, ಆ ಮೂಲೆಗೆ ತುಂಬಿ, ಗಟ್ಟಿ ದಾರದಿಂದ ಹೊಲಿದಳು. ಅತ್ತೆ, “ಈಗ ಅದು ಯಾವ ಗಡೀನೂ ದಾಟೂದಿಲ್ಲ. ಕೋಣಿ ನಿಂದ, ಹಚ್ಚ ಸುಣ್ಣ,” ಅಂದರು. ಆಕೆ ಕೇಳಲು ಬಂದದ್ದು ಆ ಮಾತನ್ನೇ. ಆದರೆ ಅದು ಸಿಕ್ಕಾಗ ಆಕೆ ಬಾಗಿಲ ಕಡೆ ನೋಡುತ್ತಿದ್ದಳು. ಆ ಕೋಣೆಯಲ್ಲಿ ಒಂದು ದಿನವೂ ಮಲಗಲಿಲ್ಲ. ವಾರ ಕಳೆಯುವುದರೊಳಗೆ ಪೆಟ್ಟಿಗೆ ಮುಚ್ಚಿದಳು. “ಕೌದಿ ಇಲ್ಲೇ ಇರ್ತೈತ್ರಿ ಆಯಿ. ನನಗ ಆಗವಲ್ದು,” ಅಂತ ಕಾಲಿಗೆ ಬಿದ್ದಳು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. “ನನಗ ಗೊತ್ತಿತ್ತು, ಹೋಗು,” ಅಂದರು. ಓಣಿಯವರು ನಿಂತು ನೋಡಿದರು. ಯಾರೂ ನಗಲಿಲ್ಲ.

ಬಸ್ಸು ಹೋದ ಮೇಲೆ ಅತ್ತೆ ಆಳು ಕರೆಸಿ ಕೋಣೆಗೆ ಸುಣ್ಣ ಹೊಡೆಸಿದರು. ಬಾಗಿಲಿಗೆ ವೀಣಾ ತಂದ ನೀಲಿ. ಆಮೇಲೆ ತಮ್ಮ ಮಂಚವನ್ನು ಅಲ್ಲಿಗೆ ಹಾಕಿಸಿ, ಕೋಲಿನಿಂದ ನೂಕಿದ ಅದೇ ಕೌದಿಯನ್ನು ಹಾಸಿಕೊಂಡು ಮಲಗಿದರು. ಬೇಡ ಅತ್ತೆ ಅಂದೆ. “ನನ್ನ ಮನಿ, ನನ್ನ ಮಂಚ, ನಿನಗೇನ?” ಅಂದರು.

ಹೊತ್ತಿಗೆ ಒಂದು ರೊಟ್ಟಿ ಮುರಿದು ಬಿಡುತ್ತಿದ್ದ ಮುದುಕಿ ಈಗ ಎರಡಾಯಿತು, ಮೂರಾಯಿತು ಅಂದರೂ ತಟ್ಟೆ ಮುಂದೆ ನೂಕುತ್ತಾರೆ. ಮೈಗೆ ಹತ್ತುವುದಿಲ್ಲ, ಒಣಗುತ್ತಿದ್ದಾರೆ. ದವಾಖಾನೆಯಲ್ಲಿ ತೋರಿಸಿದೆವು, ಏನೂ ಇಲ್ಲ ಅಂದರು. ಕೌದಿಯ ಹೊಟ್ಟೆ ಜೋಳದಿಂದ ತುಂಬಿದೆ. ಹಾಗಾದರೆ ಇದು ಯಾರ ಹಸಿವೆ? ಮೊಮ್ಮಗಳದನ್ನು ಇವರು ಬೇಕಂತಲೇ ತಮ್ಮ ಮೇಲೆ ಎಳೆದುಕೊಂಡರೋ, ಅದೇ ಇವರನ್ನು ಹಿಡಿಯಿತೋ? ಕೇಳಿದರೆ, “ಸುಮ್ಮ ಬಡಸ,” ಅನ್ನುತ್ತಾರೆ. ತಾಯಿಯ ಮುಂದೆ ಕೂತು ಎಷ್ಟೋ ಸಲ ಕೇಳಿದ್ದೇನೆ, ಆಕೆಯೂ ಹೇಳಿಲ್ಲ. ಡಬ್ಬಿಯಲ್ಲಿ ಹಿಟ್ಟು ಇದೆ, ಅದು ಆಕೆಯ ದಯೆ.

ವೀಣಾ ಈಗ ಯಾವ ದೇಶದಲ್ಲಿದ್ದಾಳೋ, ಆಗೀಗ ಫೋನು ಮಾಡುತ್ತಾಳೆ. ಕೊನೆಗೆ ಕೇಳುವುದು ಒಂದೇ: “ಕೋಣಿ ಖಾಲಿ ಐತೇನ ಕಾಕು?”

ಐತಿ ಅನ್ನಲೋ ಇಲ್ಲ ಅನ್ನಲೋ ತಿಳಿಯದೆ ನಿಲ್ಲುತ್ತೇನೆ. ಅಷ್ಟರಲ್ಲಿ ನೀಲಿ ಬಾಗಿಲ ಒಳಗಿನಿಂದ ತಟ್ಟೆ ಬಡಿದ ಸದ್ದು ಕೇಳುತ್ತದೆ. ಫೋನು ಇಟ್ಟು ರೊಟ್ಟಿ ಒಯ್ಯುತ್ತೇನೆ.