ಮಲಕಾಜಪ್ಪ ಕಾಕಾನ ಕಾವಲು

ಉಟಗಿ ಊರಿನ ಹೊರಗೆ, ಜೋಳದ ಹೊಲಗಳ ನಡುವೆ, ತಂತಿಗಳು ಹಗಲೂ ರಾತ್ರಿ ಗುಂಯ್‌ಗುಡುವ ವಿದ್ಯುತ್ ಸಬ್‌ಸ್ಟೇಷನ್ನಿಗೆ ನಮ್ಮ ಮಲಕಾಜಪ್ಪ ಕಾಕಾ ವಾಚಮನ್. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಅವರಿಗೆ ಬಾರದು. ಗುರುತಿನ ಕಾರ್ಡ್ ಇಲ್ಲದವರನ್ನು ಒಳಗೆ ಬಿಡಬಾರದು, ಸಂಶಯ ಬಂದರೆ ಫೋನ್ ಮಾಡಬೇಕು ಎಂದು ಜತ್ತ ಪಟ್ಟಣದಲ್ಲಿ ಅವರಿಗೆ ತರಬೇತಿ ಕೊಟ್ಟಿದ್ದರು. ಕಾವಲು ಹೇಗಿದೆಯೆಂದು ನೋಡಲು ಒಂದು ಅಣಕು ದಾಳಿಯನ್ನೂ ನಡೆಸಿದರು. ದಾಳಿಕೋರನಾಗಿ ಬಂದವನಿಗೆ ಕಾಕಾ ಬೆಲ್ಲ, ನೀರು ಕೊಟ್ಟು, ಟ್ರಾನ್ಸ್‌ಫಾರ್ಮರಿನ ತನಕ ತಾವೇ ಕರೆದೊಯ್ದು ತೋರಿಸಿದರು. ಇನ್ನೊಮ್ಮೆ ಹೀಗಾದರೆ ಕೆಲಸ ಹೋಯಿತೆಂದು ವಿದ್ಯುತ್ ಆಫೀಸಿನ ಸಾಹೇಬರು ಹೇಳಿಬಿಟ್ಟರು.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ ಚೀಲ ಹಿಡಿದ ಅಪರಿಚಿತನೊಬ್ಬ ಗೇಟಿಗೆ ಬಂದ.

"ಒಳಗ ಮೀಟರ್ ನೋಡೋದೈತ್ರಿ."

"ಕಾರ್ಡ್ ತೋರಸ್ರಿ," ಎಂದರು ಕಾಕಾ.

"ಮನ್ಯಾಗ ಉಳದೈತ್ರಿ."

"ಹಂಗಾರ ಒಳಗ ಬಿಡಾಂಗಿಲ್ಲ. ಊಟದ ಹೊತ್ತಿಗೆ ಬಂದೀರಿ, ಉಂಡಾರ ಹೋಗ್ರಿ."

ಕಾಕಾ ಸಾಹೇಬರಿಗೆ ಫೋನ್ ಮಾಡಿ, ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವನು ಎದ್ದಾಗಲೆಲ್ಲ, "ಇನ್ನರ್ಧ ರೊಟ್ಟಿ ತಗೋರಿ, ನಾಚಬ್ಯಾಡ್ರಿ," ಎಂದು ತೋಳು ಹಿಡಿದು ಕೂರಿಸಿದರು. ಸಾಹೇಬರ ಜೀಪು ಬಂದಾಗ, ಅವರೇ ಕಳಿಸಿದ್ದ ಈ ಎರಡನೆಯ ಅಣಕು ದಾಳಿಕೋರನ ಬಾಯಲ್ಲಿ ತುತ್ತಿತ್ತು. ಒಳಗಿಡಲು ತಂದಿದ್ದ ಸುಳ್ಳು ಬಾಂಬು ಇನ್ನೂ ಚೀಲದಲ್ಲೇ ಇತ್ತು.

"ಇವ ಯಾರಂತ ತಿಳ್ಕೊಂಡು ಊಟಕ್ಕ ಕುಂದ್ರಿಸೀರಿ?" ಸಾಹೇಬರು ಕೇಳಿದರು.

"ಸಂಶಯದ ಮನಷ್ಯಾನ ಅದಾನ್ರಿ ಸಾಹೇಬ್ರ. ಆದ್ರ ಪಾಪ, ಮುಂಜಾನಿಂದ ಏನೂ ತಿಂದಿಲ್ಲ."

ಸಾಹೇಬರು ನಗು ತಡೆದುಕೊಂಡು ಕಾಕಾರನ್ನು ಪಾಸು ಮಾಡಿದರು. ಮುಂದಿನ ಅಣಕು ದಾಳಿಗೆ ಯಾರು ಹೋಗುತ್ತೀರೆಂದು ಕೇಳಿದಾಗ ಆಫೀಸಿನವರೆಲ್ಲ ಕೈ ಎತ್ತಿದರಂತೆ. ಊಟದ ಹೊತ್ತಿಗೇ ಕಳಿಸಬೇಕೆಂಬುದೊಂದೇ ಅವರ ಬೇಡಿಕೆ.